ಎರೆಮಣ್ಣಿನ ಮೇಲೆ ಮಗ್ಗದ ಮನೆ

ಆ ನಾಲ್ಕು ಎಕರೆ ಜಾಗಕ್ಕೆ ನಾನು ಮೊದಲ ಸಲ ಹೋದಾಗ ಬಿಳಿಜೋಳದ ಕಟಾವು ಮುಗಿದಿತ್ತು. ಸುತ್ತಲ ಹೊಲಗಳಲ್ಲಿ ಒಣ ದಂಟಿನ, ಅಂದರೆ ಕಣಿಕೆಯ ಬಣವೆಗಳು ಎದ್ದಿದ್ದವು. ರೋಣ ತಾಲೂಕಿನ ಒಂದು ಸಣ್ಣ ರೈಲು ಸ್ಟೇಷನ್ನು, ಅದರ ಬೆನ್ನಿಗೆ ಈ ಸರಕಾರಿ ಜಾಗ, ಅದರಾಚೆ ಸವಡಿ ಕಡೆಗೆ ಹೋಗುವ ರಸ್ತೆ. ಎರೆಭೂಮಿ ಬಿಸಿಲಿಗೆ ಬಾಯಿ ಬಿಟ್ಟಿತ್ತು. ಕೈಯಲ್ಲಿದ್ದ ಅಳತೆ ಕೋಲನ್ನು ಒಂದು ಬಿರುಕಿನೊಳಗೆ ಇಳಿಬಿಟ್ಟೆ. ಮೂರಡಿ ಕೋಲು ಪೂರ್ತಿ ಒಳಗೆ ಹೋಗಿ, ತುದಿ ಹಿಡಿದಿದ್ದ ಬೆರಳು ನೆಲಕ್ಕೆ ತಾಗಿದವು.

ಅಲ್ಲಿ ಆರು ಕಟ್ಟಡ ಏಳಬೇಕಿತ್ತು. ಒಂದೊಂದಕ್ಕೂ ಮೂರು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ. ಇಪ್ಪತ್ನಾಲ್ಕು ಮನೆ ಗಜೇಂದ್ರಗಡ, ಪುರ್ತಗೇರಿ, ರಾಜೂರಿನ ನೇಕಾರ ಕುಟುಂಬಗಳಿಗೆ. ಉಳಿದವು ರೋಣ, ನರಗುಂದ, ಸವಡಿಯಿಂದ ದಿನಾ ಇಲ್ಲಿಗೆ ಬಂದು ರೈಲು ಹತ್ತಿ ಗದಗಕ್ಕೆ ದುಡಿಯಲು ಹೋಗುವವರಿಗೆ. ನೇಕಾರರು ಈ ಜಾಗವನ್ನು ತಾವಾಗಿಯೇ ಕೇಳಿ ಪಡೆದಿದ್ದರು. ಸೀರೆಯ ಗಂಟು ಕಟ್ಟಿಕೊಂಡು ಬಸ್ಸು ಬದಲಿಸುತ್ತ ಅಲೆಯುವುದಕ್ಕಿಂತ, ರೈಲು ಹತ್ತಿ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಅಂಗಡಿಗಳಿಗೆ ತಾವೇ ಮುಟ್ಟಿಸಬಹುದು ಎಂಬುದು ಅವರ ವಿಚಾರ. ಸರಕಾರಿ ವಸತಿ ಯೋಜನೆಯ ಇಂಜಿನಿಯರಾಗಿ ಕೆಲಸದ ಉಸ್ತುವಾರಿ ನನ್ನದು. ನಕ್ಷೆ ಮಾತ್ರ ಮೇಲಿನ ಆಫೀಸಿನಿಂದ ತಯಾರಾಗಿಯೇ ಬಂದಿತ್ತು. ಬುನಾದಿ ಎಂದರೆ ನಾಲ್ಕಡಿ ಆಳದ ತಗ್ಗು ತೋಡಿ ಕಲ್ಲು ತುಂಬುವುದು. ಬೆಂಗಳೂರಿನ ಕೆಂಪು ಮಣ್ಣಿಗೂ ಅದೇ, ನಮ್ಮ ಎರೆಮಣ್ಣಿಗೂ ಅದೇ.

ನಾನು ನರಗುಂದದವಳು. ನಮ್ಮದು ಕಾಳುಕಡಿ ವ್ಯಾಪಾರದ ಮನೆ. ಎರೆಮಣ್ಣು ಏನು ಮಾಡುತ್ತದೆ ಎಂಬುದನ್ನು ನಾನು ಕಾಲೇಜಿಗಿಂತ ಮೊದಲೇ ಕಲಿತಿದ್ದೆ. ಮಳೆ ಹಿಡಿದಾಗ ನಮ್ಮ ಪಡಸಾಲೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ, ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆಕ್ಕು ನುಸುಳುತ್ತಿತ್ತು. ನೆಲ ಉಬ್ಬುತ್ತದೆ, ಇಳಿಯುತ್ತದೆ, ಜೊತೆಗೆ ಗೋಡೆಯೂ. ಒಂದಂತಸ್ತಿನ ಮಣ್ಣಿನ ಮನೆ ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಮೂರಂತಸ್ತಿನ ಸಿಮೆಂಟಿನ ಗೋಡೆ ತಾಳುವುದಿಲ್ಲ, ಸೀಳುತ್ತದೆ.

ಗೂಟ ಹೊಡೆದು ಸುಣ್ಣದ ಗೆರೆ ಎಳೆಯುತ್ತಿದ್ದ ದಿನ ಹತ್ತು ಹನ್ನೆರಡು ಹೆಂಗಸರು ಜಾಗ ನೋಡಲು ಬಂದರು. ಮುಂದೆ ಇದ್ದವರು ನೇಕಾರ ಮಹಿಳೆಯರ ಸಂಘದ ಅಧ್ಯಕ್ಷೆ. ಐವತ್ತು ದಾಟಿದ ವಯಸ್ಸು, ಎತ್ತರದ ಆಳು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ನಾನು ಅವರನ್ನು ಅಕ್ಕಾರ ಎಂದು ಕರೆದೆ, ಅವರು ನನ್ನನ್ನು ಬಾಯಾರ ಎಂದರು. ನಕ್ಷೆ ಬಿಡಿಸಿ, ಯಾರಿಗೆ ಯಾವ ಅಂತಸ್ತು ಎಂಬುದನ್ನು ಚೀಟಿ ಎತ್ತಿ ಹಂಚುತ್ತಾರೆ ಎಂದು ಹೇಳಿದೆ.

"ನನಗ ಮೂರನೇ ಅಂತಸ್ತ ಬಂತಂತ ತಿಳೀರಿ ಬಾಯಾರ," ಅಂದರು. "ಮಗ್ಗದ ಕುಣಿ ಎಲ್ಲಿ ತಗೀಬೇಕ್ರಿ ನಾನು? ಎರಡನೇ ಅಂತಸ್ತಿನವ್ರ ತಲಿ ಮ್ಯಾಲ?"

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ನೆಲದಲ್ಲಿ ತಗ್ಗು ತೋಡಿ ಹೂಡುವ ಮಗ್ಗ ಅವರದು. ನಕ್ಷೆಯನ್ನು ಹತ್ತು ಸಲ ನೋಡಿದ್ದವಳಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. ಸ್ಟೇಷನ್ನಿನ ಕಡೆ ಕೈ ಮಾಡಿ, "ಬಾಗ್ಲಾ ಯಾ ಕಡಿ ಇಡ್ತೀರಿ?" ಎಂದು ಕೇಳಿದರು. ನಕ್ಷೆಯಲ್ಲಿ ಹೆಬ್ಬಾಗಿಲು ಸವಡಿ ರಸ್ತೆಗೆ ಇತ್ತು. ಸ್ಟೇಷನ್ನಿನ ಕಡೆ ಏಳಡಿ ಎತ್ತರದ ಕಂಪೌಂಡ್ ಗೋಡೆ. ರೈಲು ಹಿಡಿಯಬೇಕಾದವರು ರಸ್ತೆಗೆ ಹೋಗಿ, ಇಡೀ ಜಾಗವನ್ನೂ ಪಕ್ಕದ ಹೊಲಗಳನ್ನೂ ಸುತ್ತು ಹಾಕಿ, ಆಮೇಲೆ ಸ್ಟೇಷನ್ನಿಗೆ ಬರಬೇಕು.

"ಅಂದ್ರ ರೈಲು ಕಾಣಸ್ತೈತಿ, ಸಿಗೂದಿಲ್ಲ," ಅಂದರು ಅಧ್ಯಕ್ಷೆ.

ಮರುದಿನ ನಾನೇ ಗಡಿಯಾರ ಹಿಡಿದು ಆ ಸುತ್ತು ನಡೆದೆ. ಆಮೇಲೆ ಅವರ ಜೊತೆ, ಅವರ ತಲೆಯ ಮೇಲೆ ಸೀರೆಯ ಗಂಟು ಇರಿಸಿ, ಇನ್ನೊಮ್ಮೆ ನಡೆದೆ. ನನಗೆ ಹದಿನಾಲ್ಕು ನಿಮಿಷ ಹಿಡಿದ ದಾರಿ ಅವರಿಗೆ ಇಪ್ಪತ್ತೆರಡು. ಗೋಡೆಗೆ ಒಂದು ಗೇಟು ಬಿಟ್ಟರೆ ನಾಲ್ಕೇ ನಿಮಿಷ.

ಆ ವಾರವೇ ಗಜೇಂದ್ರಗಡಕ್ಕೆ ಹೋಗಿ ಅವರ ಮನೆಯ ಮಗ್ಗವನ್ನು ಅಳೆದೆ. ಕುಣಿ ಎರಡೂವರೆ ಅಡಿ ಆಳ. ನೇಯುವವರು ನೆಲಕ್ಕೆ ಕೂತು ಕಾಲನ್ನು ಅದರೊಳಗೆ ಬಿಟ್ಟು ಹಲಿಗೆ ತುಳಿಯುತ್ತಾರೆ. ಹಾಸನ್ನು, ಅಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲನ್ನು, ಎಳೆದು ಕಟ್ಟಲು ಮುಂದಕ್ಕೆ ಹನ್ನೆರಡು ಅಡಿ ಜಾಗ ಬೇಕು. ಅಧ್ಯಕ್ಷೆ ನನ್ನನ್ನೂ ಕುಣಿಯಲ್ಲಿ ಕೂರಿಸಿದರು. ಕಾಲಿಗೆ ತಣ್ಣಗಾಯಿತು. ಲಾಳಿ ಎಳೆದೆ, ಮೂರನೇ ಎಳೆತಕ್ಕೆ ನೂಲು ಹರಿಯಿತು. ಅವರು ಬಗ್ಗಿ, ಎರಡು ಬೆರಳಲ್ಲಿ ತಿರುವಿ, ನಾನು ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಿದರು.

"ಕುಣಿಯಾಗಿನ ತಂಪಿಗೇ ಈ ನೂಲು ತಡೀತೈತ್ರಿ," ಅಂದರು. "ಮ್ಯಾಲೆತ್ತಿ ಇಟ್ರ ಚಟಚಟ ಹರೀತೈತಿ."

ತಿರುಗಿ ಬಂದು ಮಣ್ಣಿನ ಪರೀಕ್ಷೆ ಮಾಡಿದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಣ ಮಣ್ಣನ್ನು ಕುಟ್ಟಿ, ಸಣ್ಣ ಜರಡಿಯಲ್ಲಿ ಸೋಸಿ, ಗೆರೆ ಕೊರೆದ ಎರಡು ಗಾಜಿನ ಕೊಳವೆಗೆ ಹತ್ತು ಹತ್ತು ಗ್ರಾಮಿನಂತೆ ಹಾಕಬೇಕು. ಒಂದಕ್ಕೆ ಚಿಮಣಿ ಎಣ್ಣೆ, ಇನ್ನೊಂದಕ್ಕೆ ನೀರು. ಒಂದು ದಿನ ಅಲುಗಿಸದೆ ಬಿಡಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಎಷ್ಟು ಉಬ್ಬಬೇಕೋ ಅಷ್ಟು ಉಬ್ಬುತ್ತದೆ. ಮರುದಿನ ನೋಡಿದರೆ ನೀರಿನ ಕೊಳವೆಯ ಮಣ್ಣು ಎಣ್ಣೆಯ ಕೊಳವೆಯ ಮಣ್ಣಿಗಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರ ನಿಂತಿತ್ತು. ಇಷ್ಟು ಉಬ್ಬುವ ನೆಲದ ಮೇಲೆ ನಾಲ್ಕಡಿ ಕಲ್ಲಿನ ಬುನಾದಿ ಹಾಕಿ ಮೂರಂತಸ್ತು ಏರಿಸಬಾರದು.

ವರದಿ ಬರೆದು ಗದಗಿನ ಆಫೀಸಿಗೆ ಒಯ್ದೆ. ನಮ್ಮ ಸಾಹೇಬರು, ಅಂದರೆ ನನ್ನ ಮೇಲಧಿಕಾರಿ, ಕೆಟ್ಟ ಮನುಷ್ಯರಲ್ಲ. ಅವರಿಗೆ ಅವಸರ ಇತ್ತು, ಅಷ್ಟೇ. ವರದಿಯ ಮೊದಲ ಪುಟ ನೋಡಿ ಬದಿಗಿಟ್ಟರು.

"ಇದು ಎಲ್ಲಾ ಕಡೆ ಕಟ್ಟೂ ನಕ್ಷಾ ಐತ್ರಿ. ನಿಮ್ಮೊಬ್ಬರ ಸಲುವಾಗಿ ಬದಲು ಮಾಡೂದಕ್ಕ ಬರೂದಿಲ್ಲ."

"ನನ್ನ ಸಲುವಾಗಿ ಅಲ್ರಿ ಸರ್, ಮಣ್ಣಿನ ಸಲುವಾಗಿ," ಅಂದೆ. "ಮತ್ತ ಮಗ್ಗದವರಿಗೆ ಕುಣಿ ಬೇಕು. ಕೆಳಗಿನ ಮನೀನ ಕೊಟ್ಟರೂ ಈ ಬುನಾದಿ ಮಗ್ಗಲದಾಗ ಕುಣಿ ತೋಡಿದ್ರ ನೀರು ಸೀದಾ ಬುನಾದಿಗೇ ಇಳೀತೈತಿ."

"ಹಂಗಾರ ಕುಣಿ ಬ್ಯಾಡ ಅನ್ರಿ. ಚೌಕಟ್ಟಿನ ಮಗ್ಗ ಇಟ್ಕೋಲಿ. ಇಲ್ಲಾಂದ್ರ ಗಾರ್ಮೆಂಟ್ಸ್ ಕೆಲಸಕ್ಕ ಹೋಗಲಿ. ಮನಿ ಮುಂದನ ರೈಲು ಐತಲ್ಲ!"

ವರದಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಊರಿಗೆ ಬರುವಾಗ ಸಿಟ್ಟು ಏರಿತು. ಮನೆ ಕೊಡುತ್ತೇವೆ ಎಂದು ಕರೆದು, ಬಾಗಿಲಲ್ಲಿ ನಿಲ್ಲಿಸಿ, ನಿನ್ನ ಕಸುಬನ್ನು ಹೊರಗಿಟ್ಟು ಒಳಗೆ ಬಾ ಅನ್ನುವ ಕೆಲಸ ಅದು. ಅದಕ್ಕೆ ಸಹಿ ಹಾಕುವವಳು ನಾನು.

ಮುಂದಿನ ಎರಡು ದಿನ ರೈಲ್ವೆಯವರ ಜೊತೆ ಗಡಿ ಅಳೆಯುವುದರಲ್ಲಿ ಹೋಯಿತು. ಅವರ ಗಡಿಯಿಂದ ಮೂವತ್ತು ಮೀಟರಿನ ಒಳಗೆ ಏನು ಕಟ್ಟುವುದಿದ್ದರೂ ಅವರ ಒಪ್ಪಿಗೆ ಬೇಕು. ನಮ್ಮ ನಕ್ಷೆಯ ಎರಡು ಕಟ್ಟಡ ಆ ಪಟ್ಟಿಯೊಳಗೆ ಕಾಲು ಚಾಚಿದ್ದವು. ಅದನ್ನು ಮೇಲಿನವರು ನೋಡಿಯೇ ಇರಲಿಲ್ಲ. ನಾನು ಗಡಿಕಲ್ಲಿನ ಬಳಿ ಇದ್ದಾಗ ಆಚೆ ಮೂಲೆಯಲ್ಲಿ ಗುತ್ತಿಗೆದಾರರು ಮೊದಲನೇ ಕಟ್ಟಡದ ತಗ್ಗು ತೋಡಿಸಿ, ಕಲ್ಲು ತುಂಬಿಸಲು ಶುರು ಮಾಡಿಬಿಟ್ಟಿದ್ದರು. ಕೇಳಿದರೆ, "ಸಾಹೇಬ್ರು ಫೋನ್ ಮಾಡಿದ್ರು ಮೇಡಂ, ಲಗೂ ಮಾಡ್ರಿ ಅಂದ್ರು," ಅಂದರು.

ಆ ಶನಿವಾರ ಮಧ್ಯಾಹ್ನ, ಮಳೆಗಾಲಕ್ಕೆ ಮೊದಲೇ, ಅಡ್ಡಮಳೆ ಬಂತು. ಒಂದೂವರೆ ತಾಸು ಸುರಿದು ನಿಂತಿತು. ಭಾನುವಾರ ಕೆಲಸ ಇರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಜಾಗಕ್ಕೆ ಬಂದಾಗ ಮುಖ್ಯ ಗೌಂಡಿ ನನಗಾಗಿ ಕಾಯುತ್ತಿದ್ದರು. ಮೂವತ್ತು ವರ್ಷ ಕಲ್ಲು ಕಟ್ಟಿದ ಮನುಷ್ಯ, ಮಾತು ಕಮ್ಮಿ. ಗುತ್ತಿಗೆದಾರರು ಇನ್ನೂ ಬಂದಿರಲಿಲ್ಲ.

"ಬಾಯಾರ, ಇಲ್ಲಿ ಬರ್ರಿ," ಎಂದು ಕರೆದು ಮೂಡಣ ಮೂಲೆಗೆ ಒಯ್ದರು. ನೀರು ತುಂಬಿದ ಪೈಪಿನ ಒಂದು ತುದಿ ಈ ಮೂಲೆಗೆ, ಇನ್ನೊಂದು ತುದಿ ಆ ಮೂಲೆಗೆ ಹಿಡಿದು ಮಟ್ಟ ತೋರಿಸಿದರು. ಮೂಡಣ ಮೂಲೆಯ ಕಲ್ಲು ಎರಡು ಬೆರಳು ಮೇಲೆ ಎದ್ದಿತ್ತು. "ಶನಿವಾರ ನಾನ ಮಟ್ಟಾ ಹಿಡದಿದ್ದೆ. ಸರಿ ಇತ್ತು. ಈಗ ನೋಡ್ರಿ, ಒಂದ ಮಳಿಗೆ ಎದ್ದೈತಿ. ಇನ್ನ ಮಳಿಗಾಲ ಪೂರಾ ಬಾಕಿ ಐತಿ."

ಒಂಬತ್ತು ಗಂಟೆಗೆ ಗುತ್ತಿಗೆದಾರರು ಬಂದರು, ನೋಡಿದರು. "ಮ್ಯಾಲಿನ ಕಲ್ಲು ಕೆತ್ತಿ, ಸಿಮೆಂಟ್ ಹಚ್ಚಿ ಮಟ್ಟಾ ಮಾಡ್ರಿ," ಎಂದು ಗೌಂಡಿಗೆ ಹೇಳಿದರು. ಗೌಂಡಿ ನನ್ನ ಮುಖ ನೋಡಿದರು.

ನಾನು ಸಾಮಾನಿನ ಶೆಡ್ಡಿನಿಂದ ಆದೇಶ ಪುಸ್ತಕ ತರಿಸಿದೆ. ಕೆಲಸದ ಜಾಗದಲ್ಲೇ ಇರುವ ಆ ಪುಸ್ತಕದಲ್ಲಿ ಬರೆದದ್ದನ್ನು ಹರಿಯುವಂತಿಲ್ಲ, ಪುಟಪುಟಕ್ಕೂ ನಂಬರು. ಕಲ್ಲಿನ ರಾಶಿಯ ಮೇಲೆ ಕೂತು ಬರೆದೆ: "ಒಂದನೇ ಕಟ್ಟಡದ ಬುನಾದಿ ಮಣ್ಣಿನ ಉಬ್ಬುವಿಕೆಯಿಂದ ಎದ್ದಿದೆ. ಈ ವಿಧದ ಬುನಾದಿ ಈ ಜಾಗಕ್ಕೆ ಸಲ್ಲದು. ಬದಲಿ ನಕ್ಷೆ ಬರುವವರೆಗೆ ಆರೂ ಕಟ್ಟಡಗಳ ಕೆಲಸ ನಿಲ್ಲಿಸತಕ್ಕದ್ದು." ಕೆಳಗೆ ಹೆಸರು, ಹುದ್ದೆ, ಸಹಿ, ವೇಳೆ. ಗುತ್ತಿಗೆದಾರರಿಗೆ ಓದಿ ಹೇಳಿ, ಓದಿದ್ದೇನೆ ಎಂಬ ಅವರ ಸಹಿಯನ್ನೂ ತೆಗೆದುಕೊಂಡೆ.

ಮಧ್ಯಾಹ್ನಕ್ಕೇ ಕರೆ ಬಂತು. ಸಾಹೇಬರು ಕುರ್ಚಿ ತೋರಿಸಲಿಲ್ಲ.

"ಆ ಬರದದ್ದನ್ನ ಹೊಡದ ಹಾಕ್ರಿ. 'ತಪ್ಪಾಗಿ ಬರೆದದ್ದು' ಅಂತ ಒಂದ ಸಾಲ ಬರದು ಸಹಿ ಮಾಡ್ರಿ. ಇಲ್ಲಿಗೇ ಮುಗೀತೈತಿ."

"ತಪ್ಪು ಬರೆದಿಲ್ರಿ ಸರ್."

"ನಿಮ್ಮ ವರ್ಗ ಮಾಡಿಸೂದು ಒಂದ ಫೋನಿನ ಕೆಲಸಾ."

"ಮಾಡಸ್ರಿ. ನಾ ಹೋದ ಮ್ಯಾಲೂ ಆ ಪುಟ ಪುಸ್ತಕದಾಗ ಇರತೈತ್ರಿ. ನಾಳೆ ಗೋಡಿ ಸೀಳಿದ್ರ ಯಾರು ಬರೆದಿದ್ರು, ಯಾರು ಹೊಡೀರಿ ಅಂದ್ರು ಅನ್ನೂದು ಎರಡೂ ಓದಾಕ ಬರತೈತಿ."

ಅಷ್ಟು ಒರಟಾಗಿ ನಾನು ಯಾವ ಮೇಲಧಿಕಾರಿಯ ಜೊತೆಗೂ ಮಾತಾಡಿದವಳಲ್ಲ. ಸಾಹೇಬರು ತಲೆ ಎತ್ತಲಿಲ್ಲ. "ಯೋಜನಾನ ವಾಪಸ್ ಹೋದ್ರ ಆ ನೇಕಾರ ಹೆಂಗಸ್ರು ನಿಮ್ಮನ್ನ ಬಿಡ್ತಾರೇನ್ರಿ?" ಎಂದಷ್ಟೇ ಕೇಳಿದರು. ಅದು ನಿಜವಾಗಿಯೂ ನಾಟಿತು.

ಮನೆ ಕೆಲಸ ನಿಂತ ಸುದ್ದಿ ಗಜೇಂದ್ರಗಡ ಮುಟ್ಟಲು ಒಂದು ದಿನವೂ ಹಿಡಿಯಲಿಲ್ಲ. ಬುಧವಾರ ಹೆಂಗಸರು ಬಂದರು. ಈ ಸಲ ನಗು ಇರಲಿಲ್ಲ. ಒಬ್ಬಾಕೆ ನೇರ ಕೇಳಿದಳು: "ಹದಿನಾರು ವರ್ಷ ಬಾಡಗಿ ಮನ್ಯಾಗ ಇದ್ದೇವ್ರಿ. ಹ್ಯಾಂಗರೆ ಇರ್ಲಿ, ಒಂದ ಮನಿ ಬರತಿತ್ತು. ನೀವ್ಯಾಕ ಅಡ್ಡ ನಿಂತ್ರಿ?"

ಇನ್ನೊಬ್ಬಾಕೆ, "ಕುಣಿ ಇರ್ಲಿಲ್ಲಂದ್ರ ಇರ್ಲಿ, ಸೂರು ಸಾಕಾಗಿತ್ತು," ಅಂದಳು.

ಅವರ ಮುಂದೆಯೇ ಮೂಡಣ ಮೂಲೆಯ ಮಣ್ಣು ತೆಗೆಸಿ, ಒಣಗಿದ್ದನ್ನು ಕುಟ್ಟಿ, ಸೋಸಿ, ಎರಡು ಕೊಳವೆಗೆ ಹಾಕಿ, ಅಧ್ಯಕ್ಷೆಯ ಕೈಗೆ ಕೊಟ್ಟೆ. "ಮನಿಗೆ ಒಯ್ದು ಒಂದಕ್ಕ ಚಿಮಣಿ ಎಣ್ಣಿ, ಇನ್ನೊಂದಕ್ಕ ನೀರು ಹಾಕಿ ಅಲುಗಸ್ದ ಇಡ್ರಿ. ನಾಳೆ ಇಷ್ಟೊತ್ತಿಗೆ ನೀವ ನೋಡ್ರಿ. ನೋಡಿ ಆದಮ್ಯಾಲೆ ಈ ಮನಿ ಬೇಕಂದ್ರ ನಾನು ಬರೆದದ್ದನ್ನ ನಾನ ಹೊಡೀತೇನಿ." ಈ ಮಾತು ಆಡಬಾರದಿತ್ತು ಎಂದು ಆಮೇಲೆ ಅನಿಸಿತು. ಆದರೆ ಆಡಿಬಿಟ್ಟಿದ್ದೆ.

ಶುಕ್ರವಾರ ಬೆಳಿಗ್ಗೆ ಅಧ್ಯಕ್ಷೆಯ ಫೋನು ಬಂತು. "ಬಾಯಾರ, ನೋಡಿದ್ವಿ. ಎಲ್ಲಾರೂ ನೋಡಿದ್ವಿ. ನೀವು ಹೊಡೀಬ್ಯಾಡ್ರಿ. ಗದಗಿಗೆ ಹೋಗೂ ರೈಲು ಎಷ್ಟಕ್ಕೈತ್ರಿ?"

ನಾನು ಜೊತೆಗೆ ಹೋಗಲಿಲ್ಲ. ಹೋಗುವುದು ಸರಿಯೂ ಆಗುತ್ತಿರಲಿಲ್ಲ. ಆದದ್ದನ್ನು ಸಾಹೇಬರ ಕೋಣೆಯ ಹೊರಗೆ ಇದ್ದ ಗುಮಾಸ್ತರು ನನಗೆ ಹೇಳಿದರು. ಸೋಮವಾರ ಇಪ್ಪತ್ತೊಂದು ಹೆಂಗಸರು ಬೆಳಗಿನ ಪ್ಯಾಸೆಂಜರಿನಿಂದ ಇಳಿದು ಆಫೀಸಿನ ಒಳಗೆ ಬಂದರು. ಅಧ್ಯಕ್ಷೆ ಎರಡು ಕೊಳವೆಗಳನ್ನು ಸಾಹೇಬರ ಮೇಜಿನ ಮೇಲೆ ಇಟ್ಟರು. ಜೊತೆಗೆ ಒಂದು ಅರ್ಜಿ: ಕುಣಿ ಇರದ, ಸ್ಟೇಷನ್ನಿನ ಕಡೆ ಬಾಗಿಲು ಇರದ, ಉಬ್ಬುವ ನೆಲದ ಮೇಲೆ ಕಟ್ಟಿದ ಮನೆಯ ಕೀಲಿಯನ್ನು ನಾವು ಇಪ್ಪತ್ನಾಲ್ಕೂ ಕುಟುಂಬ ತೆಗೆದುಕೊಳ್ಳುವುದಿಲ್ಲ.

"ಇದನ್ನ ಯಾರು ಬರಕೊಟ್ರು?" ಎಂದು ಸಾಹೇಬರು ಕೇಳಿದರಂತೆ.

"ನಮ್ಮ ಸಂಘದಾಗ ಹತ್ತನೇತ್ತಾ ಓದಿದವ್ರು ಆರು ಮಂದಿ ಅದಾರ್ರಿ," ಅಂದರಂತೆ ಅಧ್ಯಕ್ಷೆ. "ಮನಿ ನಮಗ ಬೇಕ್ರಿ. ಆದ್ರ ನಾವು ಅದರಾಗ ಬದುಕಬೇಕ್ರಿ, ಬರೇ ಮಲಗೂದಲ್ಲ."

ಸಂಜೆ ಸಾಹೇಬರು ನನಗೆ ಫೋನು ಮಾಡಿದರು. ಧ್ವನಿ ಮೆತ್ತಗಾಗಿರಲಿಲ್ಲ. "ಹದಿನೈದು ದಿನ ಕೊಡ್ತೇನಿ. ಅಷ್ಟೇ ಮನಿ, ಅಷ್ಟೇ ಜಾಗಾ. ಬದಲಿ ನಕ್ಷಾ ನೀವ ತರ್ರಿ. ಮೇಲಿನವ್ರ ಹತ್ರ ನಾ ಮಾತಾಡ್ತೇನಿ. ಹದಿನಾರನೇ ದಿನ ಬಂದ್ರ ನೋಡೂದಿಲ್ಲ."

ಆ ಹದಿನೈದು ದಿನ ನಾನು ಮಾಡಿದ ಕೆಲಸವನ್ನು ಇವತ್ತಿಗೂ ಮೆಚ್ಚಿಕೊಳ್ಳುತ್ತೇನೆ. ಮೂರಂತಸ್ತನ್ನು ಬಿಡಲಿಲ್ಲ. ಸ್ಟೇಷನ್ನಿಗೆ ಇಷ್ಟು ಹತ್ತಿರದ ಜಾಗದಲ್ಲಿ ಹೆಚ್ಚು ಮಂದಿ ಇರಬೇಕಾದದ್ದೇ ಸರಿ. ಆದರೆ ಚೀಟಿ ಎತ್ತುವುದನ್ನು ತೆಗೆದು, ಕೆಳಗಿನ ಇಪ್ಪತ್ನಾಲ್ಕೂ ಮನೆ ಮಗ್ಗದವರಿಗೆ ಎಂದು ಬರೆದೆ. ರೈಲ್ವೆ ಗಡಿಯಿಂದ ದೂರ ಸರಿಸಲು ಕಟ್ಟಡಗಳನ್ನು ಮೂರು ಮೂರರಂತೆ ಎರಡು ಸಾಲು ಮಾಡಿದಾಗ ನಡುವೆ ಉದ್ದನೆಯ ನೇರ ಓಣಿ ಸಿಕ್ಕಿತು. ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಗಂಜಿ ಹಚ್ಚಲು ಅವರಿಗೆ ಅಂಥದೇ ಓಣಿ ಬೇಕಿತ್ತು. ಓಣಿಯ ತುದಿಗೆ ಸ್ಟೇಷನ್ನಿನ ಗೇಟು ಇಟ್ಟೆ.

ಬುನಾದಿಗೆ ಕಂಬ ಇಳಿಸುವುದು ಎಂದು ತೀರ್ಮಾನಿಸಿದೆ. ಎರೆಮಣ್ಣಿನ ಕೆಳಗೆ, ಹನ್ನೊಂದು ಹನ್ನೆರಡು ಅಡಿ ಆಳದಲ್ಲಿ ಹಳದಿ ಗರಸು, ಗಟ್ಟಿಯಾದ ಜಲ್ಲಿಮಣ್ಣು, ಸಿಗುತ್ತದೆ. ಅದು ಉಬ್ಬುವುದಿಲ್ಲ. ಕೈಯಿಂದ ತಿರುಗಿಸುವ ಬೈರಿಗೆಯಿಂದ ಗರಸಿನವರೆಗೆ ತೂತು ಕೊರೆದು, ಬುಡದಲ್ಲಿ ಇನ್ನೊಂದು ಹತಾರದಿಂದ ಆ ತೂತನ್ನು ಗಡಿಗೆಯ ಹೊಟ್ಟೆಯಂತೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬಬೇಕು. ಮೇಲಿನ ಮಣ್ಣು ಎಷ್ಟು ಎಳೆದಾಡಿದರೂ ಬುಡದ ಗಡ್ಡೆ ಕಂಬವನ್ನು ಏಳಲು ಬಿಡುವುದಿಲ್ಲ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಗೋಡೆ. ತೊಲೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಖಾಲಿ. ಮಗ್ಗದ ಕುಣಿಯನ್ನು ನೆಲದಲ್ಲಿ ತೋಡುವುದಿಲ್ಲ. ಕಾಂಕ್ರೀಟಿನ ಪೆಟ್ಟಿಗೆ ಮಾಡಿ, ಸುತ್ತ ಸಂದು ಬಿಟ್ಟು, ತೊಲೆಗೆ ತೂಗುಹಾಕುವುದು. ಸುತ್ತ ಮಣ್ಣು ಉಬ್ಬಿದರೂ ಪೆಟ್ಟಿಗೆಗೆ ತಾಗುವುದಿಲ್ಲ. ಹುಬ್ಬಳ್ಳಿಯಲ್ಲಿದ್ದ ನನ್ನ ಹಳೆಯ ಮೇಷ್ಟ್ರು ಲೆಕ್ಕಾಚಾರ ನೋಡಿ ಎರಡು ಕಡೆ ಕಬ್ಬಿಣ ಹೆಚ್ಚಿಸಿದರು. ಹದಿನಾಲ್ಕನೇ ದಿನ ನಕ್ಷೆಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಒಂದು ತಾಸು ಕೂತು ಓದಿದರು. ಗೇಟಿನ ಬಗ್ಗೆ ಮಾತ್ರ ಜಗಳ ಮಾಡಿದರು. ಗೇಟು ಬಿಡಲಿಲ್ಲ ನಾನು.

ಮಂಜೂರಾತಿ ಬರುವಷ್ಟರಲ್ಲಿ ಮಳೆಗಾಲ ಬಾಗಿಲಿಗೆ ಬಂದಿತ್ತು. ಗೌಂಡಿಗೆ ತೊಲೆಯ ಕೆಳಗಿನ ಖಾಲಿ ಜಾಗ ಒಪ್ಪಿಗೆಯಾಗಲಿಲ್ಲ.

"ಗಾಳಿ ಮ್ಯಾಲ ಮನಿ ಕಟ್ಟೂದೇನ್ರಿ ಬಾಯಾರ? ನಮ್ಮಪ್ಪ ಕೇಳಿದ್ರ ನನ್ನ ಹೊಡೀತಿದ್ದಾ."

"ನೆಲ ಉಬ್ಬಾಕ ಜಾಗಾ ಬಿಟ್ಟರ ಅದು ಗ್ವಾಡಿಗೆ ಬರೂದಿಲ್ರಿ," ಅಂದೆ.

ಗೌಂಡಿ ಪಕ್ಕದ ಹೊಲದ ಬಣವೆಯ ಕಡೆ ನೋಡಿ, "ಹಂಗಾರ ತೊಲಿ ಹಾಕೂವಾಗ ಆ ಖಾಲಿ ಜಾಗಾದಾಗ ಕಣಕಿ ಪೆಂಡಿ ಇಡೂಣು. ಕಾಂಕ್ರೀಟ ಗಟ್ಟಿ ಆದಮ್ಯಾಲೆ ಎಳದ ತಗದ್ರಾತು," ಅಂದರು. ನಕ್ಷೆಯಲ್ಲಿ ನಾನು ಅದಕ್ಕೆ ಬೇರೆ ಉಪಾಯ ಬರೆದಿದ್ದೆ. ಅವರದು ಅದಕ್ಕಿಂತ ಚಲೋ ಇತ್ತು. ಪಕ್ಕದ ಹೊಲದವರೇ ಬಣವೆಯಿಂದ ಕಣಿಕೆ ಕೊಟ್ಟರು.

ಮೂರನೇ ಕಟ್ಟಡದ ಹೊತ್ತಿಗೆ ಮಳೆ ಜೋರಾಯಿತು. ಕೊರೆದ ತೂತಿನಲ್ಲಿ ನೀರು ಬಂದು ಬುಡದ ಗಡ್ಡೆಯ ಮಣ್ಣು ಕುಸಿಯತೊಡಗಿತು. ಗೌಂಡಿ ಒಂದು ಸರಳಿಗೆ ಮಡಚುವ ಕೊಕ್ಕೆ ಕಟ್ಟಿ ಇಳಿಸಿ, ಒಳಗೆ ತಿರುಗಿಸಿ, ಗಡ್ಡೆ ಪೂರ್ತಿ ಇದೆಯೋ ಇಲ್ಲವೋ ಎಂದು ತಡವಿ ಹೇಳುತ್ತಿದ್ದರು. ಆ ದಿನ ಮೂರು ತೂತುಗಳಲ್ಲಿ ಕೊಕ್ಕೆ ತಿರುಗಲೇ ಇಲ್ಲ. ಗುತ್ತಿಗೆದಾರರ ಕಾಂಕ್ರೀಟ್ ಕಲಸುವ ಮಿಲ್ಲರ್ ಆಗಲೇ ತಿರುಗುತ್ತಿತ್ತು.

"ಕಾಂಕ್ರೀಟ್ ಕಲಸಿ ಆಗೇತಿ ಮೇಡಂ. ಮೂರ ತೂತಿಗೆ ಏನಾಗತೈತಿ? ನೆಲದಾಗ ಇರೂದು ಯಾರಿಗೆ ಕಾಣಸ್ತೈತಿ?"

"ನನಗ ಕಾಣಸ್ತೈತಿ," ಅಂದೆ. ಕಲಸಿದ ಕಾಂಕ್ರೀಟನ್ನು ಓಣಿಯ ಚರಂಡಿಯ ತಳಕ್ಕೆ ಸುರಿಸಿದೆ. ಮೂರೂ ತೂತುಗಳನ್ನು ಮುಚ್ಚಿಸಿ, ಪಕ್ಕಕ್ಕೆ ಹೊಸದಾಗಿ ಕೊರೆಸಿದೆವು. ಹನ್ನೊಂದು ದಿನ ಹೋಯಿತು. ಆ ಹನ್ನೊಂದು ದಿನಕ್ಕೆ ನನಗೆ ಎರಡು ನೋಟೀಸು ಬಂದವು. ಎರಡಕ್ಕೂ ಉತ್ತರ ಬರೆದೆ, ಕ್ಷಮೆ ಕೇಳದೆ.

ಮೊದಲನೇ ಮನೆಗೆ ಚಾವಣಿ ಬಿದ್ದ ಮೇಲೆ ಅಧ್ಯಕ್ಷೆ ತಮ್ಮ ಮಗ್ಗವನ್ನು ತಂದು ಹೂಡಿದರು. ಇಲ್ಲಿ ಮಾತ್ರ ನಾನು ಸೋತೆ. ನೂಲು ಹರಿಯಿತು. ಮತ್ತೆ ಹರಿಯಿತು. ಮೊಳ ನೇಯುವಷ್ಟರಲ್ಲಿ ಇಪ್ಪತ್ತು ಸಲ. ಅವರು ಕುಣಿಯ ಕಾಂಕ್ರೀಟಿನ ಗೋಡೆಗೆ ಅಂಗೈ ಒತ್ತಿದರು.

"ಇದಕ್ಕ ತಂಪಿಲ್ರಿ. ನಾ ಆವತ್ತ ಹೇಳಿದ್ನಿಲ್ರಿ?"

ಹೇಳಿದ್ದರು. ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೆ ಕೂಡ. ಕುಣಿ ಉಬ್ಬದ ಹಾಗೆ ಮಾಡುವ ಗದ್ದಲದಲ್ಲಿ ಕುಣಿಯೊಳಗೆ ಏನಿರಬೇಕು ಎಂಬುದನ್ನೇ ಮರೆತಿದ್ದೆ. ನೀರು ಚಿಮುಕಿಸಿದೆವು, ಒಂದು ತಾಸಿನಲ್ಲಿ ಆರಿಹೋಯಿತು. ಒದ್ದೆ ಗೋಣಿ ಹಾಸಿದೆವು, ವಾಸನೆ ಹಿಡಿಯಿತು. ಕಡೆಗೆ ಅಧ್ಯಕ್ಷೆಯೇ, "ಕುಡ್ಯೂ ನೀರಿನ ಗಡಗಿ ಕೆಳಗ ಉಸುಕು ಹಾಕ್ತೇವಲ್ರಿ, ಅದು ಯಾವತ್ತೂ ಆರೂದಿಲ್ಲ," ಅಂದರು. ಕುಣಿಯ ತಳಕ್ಕೆ ಒಂದು ಗೇಣು ಉಸುಕು ತುಂಬಿ, ಅದರ ಮೇಲೆ ಸಂದು ಬಿಟ್ಟು ಚಪ್ಪಟೆ ಪರಸಿ ಕಲ್ಲು ಹಾಸಿ, ದಿನಕ್ಕೆ ಎರಡು ಚೊಂಬು ನೀರು ಹಾಕಲು ಬದಿಯಲ್ಲಿ ಒಂದು ನಳಿಗೆ ಇಟ್ಟೆವು. ಐದನೇ ದಿನ ಅವರು ಒಂದು ಮೊಳ ನೇಯ್ದರು. ಎರಡು ಸಲ ಹರಿಯಿತು. ನನ್ನ ಕಡೆ ನೋಡಿ, "ಈಗ ಹೌದ್ರಿ," ಅಂದರು. ಉಳಿದ ಇಪ್ಪತ್ಮೂರು ಕುಣಿಗಳಿಗೂ ಹಾಗೆಯೇ ಮಾಡಿಸಿದೆ.

ಕಟ್ಟಡಗಳು ಮುಗಿದ ಮೇಲೆ ಮತ್ತೊಂದು ಮಳೆಗಾಲ ಹೋಯಿತು. ಗೋಡೆಯ ಮೂಲೆಗಳಿಗೆ ಗಾಜಿನ ತೆಳು ಪಟ್ಟಿ ಅಂಟಿಸಿದ್ದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಪ್ರತಿ ವಾರ ಹೋಗಿ ನೋಡಿದೆ. ಒಂದೂ ಒಡೆಯಲಿಲ್ಲ. ಮಳೆಗಾಲ ಮುಗಿದ ತಿಂಗಳೇ ನನ್ನ ವರ್ಗದ ಆದೇಶವೂ ಬಂತು, ಬೇರೆ ಜಿಲ್ಲೆಗೆ. ಮನೆ ಹಸ್ತಾಂತರದ ಸಮಾರಂಭ ಮುಗಿಸಿ ಹೊರಡಬೇಕು ಎಂದಿತ್ತು. ಬರುತ್ತದೆ ಎಂದು ಗೊತ್ತಿತ್ತು. ಬಂದಾಗ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ.

ಸಮಾರಂಭದ ಬೆಳಿಗ್ಗೆ ಓಣಿಯ ತುದಿಗೆ, ಗೇಟಿನ ಹತ್ತಿರ ಪೆಂಡಾಲು ಹಾಕಿದ್ದರು. ಮೊದಲನೇ ಮನೆಯ ಬಾಗಿಲಿಗೆ ಮಾವಿನ ತೋರಣ. ಸರಕಾರದ ದೊಡ್ಡವರು ಬಂದು ಅದರ ಕೀಲಿ ಕೊಟ್ಟು, ಒಳಗೆ ಹೋಗಿ ಫೋಟೋ ತೆಗೆಸಿಕೊಳ್ಳುವವರಿದ್ದರು. ಸಾಹೇಬರು ಒಂದು ತಾಸು ಮೊದಲೇ ಬಂದು ಮನೆ ನೋಡಿದರು. ಕುಣಿಯ ಮುಂದೆ ನಿಂತರು.

"ಇದನ್ನ ಮುಚ್ಚಸ್ರಿ," ಅಂದರು ನನಗೆ. "ಮಗ್ಗ ಹಿತ್ತಲಕ್ಕ ಇಡಸ್ರಿ, ಇದರ ಮ್ಯಾಲ ಪ್ಲೈವುಡ್ ಹಾಕಿ ಜಮಖಾನಿ ಹಾಸ್ರಿ. ಫೋಟೋದಾಗ ಹೊಸಾ ಮನಿ ಒಳಗ ತಗ್ಗು ಕಂಡ್ರ ಏನಂತಾರ?"

"ಇದರ ಸಲುವಾಗೇ ಈ ಮನಿ ಕಟ್ಟಿದ್ದು ಸರ್. ನಾ ಮುಚ್ಚಸೂದಿಲ್ರಿ."

"ಇನ್ನ ಒಂದ ದಿನಾ ಅದೀರಿ ಇಲ್ಲಿ. ಈ ಒಂದ ಮಾತರೆ ಕೇಳ್ರಿ."

ಬಾಗಿಲಲ್ಲಿ ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದ ಅಧ್ಯಕ್ಷೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಟ್ಟೆಯನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟರು. ಸಾಹೇಬರ ಪಕ್ಕದಿಂದ ಹಾಯ್ದು, ಸೆರಗು ಸೊಂಟಕ್ಕೆ ಸಿಗಿಸಿ, ನೆಲಕ್ಕೆ ಕೂತು ಕಾಲನ್ನು ಕುಣಿಯೊಳಗೆ ಬಿಟ್ಟರು. ಲಾಳಿ ಎಳೆದರು. ಮಗ್ಗದ ಸಪ್ಪಳ ಖಾಲಿ ಮನೆಯಲ್ಲಿ ದೊಡ್ಡದಾಗಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಇನ್ನೊಂದು ಸಪ್ಪಳ ಶುರುವಾಯಿತು, ಆಮೇಲೆ ಎದುರು ಸಾಲಿನಿಂದ. ಅಷ್ಟರಲ್ಲಿ ಮಗ್ಗ ಹೂಡಿದ್ದ ಒಂಬತ್ತು ಮನೆಗಳಲ್ಲೂ ನೇಯತೊಡಗಿದ್ದರು. ಗೇಟಿನ ಕಡೆ ಕಾರುಗಳು ಬಂದು ನಿಂತದ್ದು ಕಾಣಿಸಿತು. ಯಾರೋ ಮೈಕಿನಲ್ಲಿ ಹಲೋ ಹಲೋ ಎಂದು ಎರಡು ಸಲ ನೋಡಿ, ಧ್ವನಿ ಹೆಚ್ಚು ಮಾಡಿದರು.

ಸಾಹೇಬರು ನನ್ನನ್ನು ನೋಡಿದರು. ನಾನು ಹೇಳಿದರೆ ಆಕೆ ಏಳುತ್ತಾರೆ ಎಂದು ಅವರಿಗೆ ಅನಿಸಿರಬೇಕು. ನಾನು ಬಾಗಿಲ ಕಡೆ ಸರಿದು ನಿಂತೆ. ಕಡೆಗೆ ಅವರೇ ಬಗ್ಗಿ ಕೇಳಿದರು.

"ಏನ್ರಿ, ಇದು ಎಷ್ಟೊತ್ತಿಗೆ ಮುಗೀತೈತಿ?"

ಅಧ್ಯಕ್ಷೆ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ.

"ಇನ್ನ ಮೂರ ದಿನಾ ಬೇಕ್ರಿ ಈ ಸೀರಿಗೆ. ನೀವು ಭಾಷಣ ಮುಗಸ್ಕೋರಿ, ನಮಗೇನೂ ತ್ರಾಸಿಲ್ರಿ."